ಮುಂದಿನ ಗಾಲಿ

ಗಾಲಿ ಎದ್ದಿದ್ದನ್ನು ಕಾಶಪ್ಪ ನೋಡಲಿಲ್ಲ. ನೋಡಬಾರದೆಂದೇ ಬಗ್ಗಿ, ಬೂಟಿನ ಲಾಡಿ ಬಿಚ್ಚಿ ಮತ್ತೆ ಕಟ್ಟುತ್ತ ಕೂತಿದ್ದ. ಆದರೆ ಕಿವಿಯನ್ನು ಏನು ಮಾಡುವುದು? ಹಳೆ ಖಣಿಯ ನೆಲವೆಲ್ಲ ಫರ್ಸಿ, ಅಂದರೆ ಹಾಸುಗಲ್ಲು; ಅದರ ಮೇಲೆ ಎರಡು ಗಾಲಿ ಓಡುವ ಸಪ್ಪಳ ಬೇರೆ, ಒಂದೇ ಗಾಲಿ ಓಡುವ ಸಪ್ಪಳ ಬೇರೆ. ಇಂಜಿನ್ನು ಒಮ್ಮೆ ಗುರ್ರೆಂದು, ಆಮೇಲೆ ಭಾರ ಇಳಿಸಿಕೊಂಡಂತೆ ತೆಳ್ಳಗಾಯಿತು. ಅಂದರೆ ಚಾಂದ್ ಎತ್ತಿದ. ಗಾಲಿ ಫರ್ಸಿಯ ಸಂದು ದಾಟಿದಂತೆಲ್ಲ ಒಂದು, ಎರಡು, ಮೂರು ಎಂದು ಕಾಶಪ್ಪ ಗಂಟು ಬಿಗಿಯುತ್ತಲೇ ಎಣಿಸಿದ. ಹನ್ನೊಂದಕ್ಕೆ ಮುಂದಿನ ಗಾಲಿ, ನಿದ್ದೆ ಹತ್ತಿದ ಕೂಸನ್ನು ಚಾಪೆಗೆ ಇಳಿಸಿದ ಹಾಗೆ, ಮೆತ್ತಗೆ ಕಲ್ಲು ಮುಟ್ಟಿತು. ಹೋದ ಆದಿತ್ಯವಾರ ಒಂಬತ್ತಾಗಿತ್ತು. ಹಾಳಾಗಿ ಹೋಗಲಿ ಇವನು ಅಂದುಕೊಂಡ, ಅಂದುಕೊಂಡದ್ದಕ್ಕೆ ತನ್ನ ಮೇಲೆ ತಾನೇ ಸಿಡುಕಿದ, ಸಿಡುಕುತ್ತಲೇ ಇನ್ನೊಮ್ಮೆ ಹಾಗೇ ಅಂದುಕೊಂಡ. ಗಾಡಿ ಯಾರದು ಮತ್ತೆ? ವಾಡಿ ಜಂಕ್ಷನ್ನಿನಲ್ಲಿ ಟಿಕೀಟು ನೋಡುತ್ತಿದ್ದ ಸಾಹೇಬರೊಬ್ಬರು ಸೊಲ್ಲಾಪುರಕ್ಕೆ ವರ್ಗವಾಗಿ ಹೋಗುವಾಗ ಬಿಟ್ಟುಕೊಟ್ಟ ಈ ಗಿಡ್ಡ ಫಟಫಟಿ, ಕೆಂಪು ಟಾಕಿಯದು, ಕೂತರೆ ಮೊಳಕಾಲು ಹೊಟ್ಟೆಗೆ ಬರುವಷ್ಟು ಸಣ್ಣದು, ಕಾಶಪ್ಪನದು. ದಿನಾ ಒರೆಸುವವನು ಕಾಶಪ್ಪ, ಎಣ್ಣೆ ಬಿಡುವವನು ಕಾಶಪ್ಪ. ಎದ್ದು ನಿಲ್ಲುವುದು ಮಾತ್ರ ಅದು ಚಾಂದನಿಗೆ. ಮೂರು ತಿಂಗಳಿಂದ ಹೀಗೇ ನಡೆದಿತ್ತು.

"ಕಾಶಣ್ಣ, ಈಗ ನೀವ್ ಕುಂದ್ರಿ," ಎಂದು ಚಾಂದ್ ಗಾಡಿಯನ್ನು ತಂದು ಎದುರಿಗೆ ನಿಲ್ಲಿಸಿದ. ಬೆವರಿದ ಮುಖದಲ್ಲಿ ಒಂದಿಷ್ಟೂ ಜಂಬವಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಜಂಬದವನನ್ನು ಬೈಯಬಹುದು, ಅವನ ಬೆನ್ನ ಹಿಂದೆ ನಾಲ್ಕು ಮಂದಿಯ ಎದುರಿಗೆ ಆಡಿಕೊಳ್ಳಬಹುದು. ಇವನು ವಾರವಿಡೀ ಖಣಿಯಲ್ಲಿ ಕಲ್ಲು ಎಬ್ಬಿಸುವವ, ಕಾಶಪ್ಪನಿಗಿಂತ ಐದಾರು ವರ್ಷಕ್ಕೆ ಸಣ್ಣವ. ಯಾರು ಯಾವ ಖಣಿಗೆ ಇಳಿಯಬೇಕೆಂದು ಬೆಳಿಗ್ಗೆ ಹಾಜರಿ ಕೂಗಿ ಹೇಳುವ ಮುನ್ಶಿ ಕಾಶಪ್ಪ. ಆದಿತ್ಯವಾರ ಮಾತ್ರ ಈ ಹಾಳುಬಿದ್ದ ಖಣಿಯೊಳಗೆ ಮುನ್ಶಿಗಿರಿ ತಲೆಕೆಳಗಾಗಿ, ಅವನು ಹೇಳಿದ್ದನ್ನು ಇವನು ಕೇಳಬೇಕಾಗುತ್ತಿತ್ತು.

"ಕೈಲೆ ಎತ್ತಬ್ಯಾಡ್ರಿ," ಚಾಂದ್ ಹೇಳತೊಡಗಿದ. "ಹಾರಿ ಹಾಕಿ ಕಲ್ಲ ಎಬ್ಬಸ್ತೀವಲ್ಲ, ಕಲ್ಲ ಎತ್ತತೀವೇನ್ರಿ? ಹಿಂದ ಭಾರ ಹಾಕ್ತೀವಿ, ಅದೇ ಏಳ್ತದ. ಹಂಗೇ ಜರಾ ಹಿಂದ ಸರೀರಿ. ಕ್ಲಚ್ ಬಿಡ್ರಿ, ರೇಸ್ ಕೊಡ್ರಿ. ಭಾಳ ಎದ್ದರ ಬಲಗಾಲಿಲೆ ಬ್ರೇಕ್ ಮುಟ್ರಿ, ತಾನೇ ಇಳೀತದ."

"ಗೊತ್ತದ, ಗೊತ್ತದ."

"ಅಂಜಬ್ಯಾಡ್ರಿ ಮತ್ತ."

ಆ ಕೊನೆಯ ಮಾತು ಬೇಕಿರಲಿಲ್ಲ. ಕಾಶಪ್ಪ ಗಾಡಿ ಬಿಟ್ಟ. ಖಣಿಯ ಗೋಡೆ ಪಟ್ಟೆ ಪಟ್ಟೆಯಾಗಿ ಹಿಂದಕ್ಕೆ ಸರಿಯಿತು. ಹಿಂದೆ ಸರಿದ, ಕ್ಲಚ್ಚು ಬಿಟ್ಟ, ರೇಸು ಕೊಟ್ಟ. ಹ್ಯಾಂಡಲ್ಲು ಹಗುರಾಯಿತು, ಮುಂದಿನ ಗಾಲಿ ನೆಲ ಬಿಟ್ಟಿತು. ಬಿಟ್ಟಿತು ಅನ್ನುವ ಆ ಒಂದು ಚಣದಲ್ಲೇ ಬೂಟಿನೊಳಗಿನ ಬಲಗಾಲು ಬ್ರೇಕನ್ನು ಹುಡುಕಲು ಹೋಯಿತು. ಅಲ್ಲಿದೆಯೋ ಇಲ್ಲವೋ, ಮೇಲಿದೆಯೋ ಪಕ್ಕಕ್ಕಿದೆಯೋ, ಏನೂ ತಿಳಿಯಲಿಲ್ಲ. ಕಾಲಿಗೆ ತಿಳಿಯದ್ದು ಕೈಗೆ ತಿಳಿದುಹೋಯಿತು. ಕೈ ತಾನಾಗಿ ರೇಸು ಮುಚ್ಚಿತು. ಗಾಲಿ ಧಡ್ ಎಂದು ಬಿತ್ತು. ಹಲ್ಲಿಗೆ ಹಲ್ಲು ಬಡಿಯಿತು.

"ಗೇಣ ಎದ್ದಿತ್ರಿ," ಚಾಂದ್ ಓಡಿ ಬಂದು ಹೇಳಿದ. "ಹೋದ ವಾರಕ್ಕಿಂತ ಛಲೋ ಆತು."

ಮೇಲೆ ಖಣಿಯ ದಂಡೆಯಲ್ಲಿ ಕಲ್ಲೊಡೆಯುವ ಹಿರಿಯ ಗೊಲ್ಲಾಳಪ್ಪ ಇನ್ನಿಬ್ಬರ ಜೊತೆ ಕೂತು ಬೀಡಿ ಸೇದುತ್ತಿದ್ದ. "ಮುನ್ಶಿಯವರ, ಖಂಡೇನವಮಿಗಿ ನೀವ ಎತ್ತಬೇಕ ನೋಡ್ರಿ," ಎಂದು ಅಲ್ಲಿಂದಲೇ ಕೂಗಿದ. ಅದು ಅಣಕವಲ್ಲ. ಕಾಶಪ್ಪನೇ ಆಷಾಢದಲ್ಲಿ, ಗಾಡಿ ಬಂದ ಹೊಸದರಲ್ಲಿ, ಎಲ್ಲರ ಎದುರಿಗೆ ಎದೆ ಉಬ್ಬಿಸಿ ಆಡಿದ ಮಾತು. ಖಂಡೇನವಮಿಯ ದಿನ ಖಣಿಯ ಹಾರೆ ಸುತ್ತಿಗೆಗಳ ಜೊತೆ ನನ್ನ ಗಾಡಿಗೂ ಪೂಜೆ, ಪೂಜೆ ಮುಗಿದ ಮೇಲೆ ನಿಮ್ಮೆಲ್ಲರ ಎದುರಿಗೆ ಮುಂದಿನ ಗಾಲಿ ಎತ್ತಿ ತೋರಿಸುತ್ತೇನೆ ಅಂದಿದ್ದ. ಮಂದಿ ಇಂಥ ಮಾತನ್ನು ಮರೆಯುವುದಿಲ್ಲ. ಇನ್ನು ಹದಿಮೂರು ದಿನ ಉಳಿದಿದ್ದವು.

ಮನೆಯಲ್ಲಿ ಹೆಂಡತಿ ಅನಸುಬಾಯಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕುತ್ತ, "ಚಾಂದ್ ಹನ್ನೊಂದ ಫರ್ಸಿತನಕ ಎತ್ತಿದನಂತಲ್ರಿ. ನೀರ ತರಾಕ ಹೋದಾಗ ಎಲ್ಲಾರ ಬಾಯಾಗೂ ಅದೇ ಮಾತು," ಅಂದಳು. ಒಂದು ಗಳಿಗೆಯಾಗಿಲ್ಲ, ಆಗಲೇ ನೀರಿನ ಕಟ್ಟೆಗೆ ಹೋಗಿ ಮುಟ್ಟಿದೆ ಸುದ್ದಿ. ಕಾಶಪ್ಪ ರೊಟ್ಟಿ ಮುರಿದುಕೊಂಡ. ಅವಳು ಸುಮ್ಮನಿರದೆ, "ಗಾಡಿ ನಿಮ್ದೇ ಅಲ್ಲೇನ್ರಿ, ನಿಮಗೂ ಹೆಸರೇ," ಎಂದು ಸೇರಿಸಿದಳು. ಸಮಾಧಾನಕ್ಕೆ ಅಂದ ಮಾತು. ಎತ್ತನ್ನು ಕೊಟ್ಟವನಿಗೂ ಉತ್ತವನಿಗೂ ಒಂದೇ ಹೆಸರೇ ಎಂದು ಕೇಳಬೇಕೆನಿಸಿತು. ಬಲಗಾಲನ್ನು ಎಂದಿನಂತೆ ಎಡತೊಡೆಯ ಕೆಳಗೆ ಮಡಚಿಕೊಂಡು ಕೂತಿದ್ದ. ಮನೆಯೊಳಗೂ, ಹೆಂಡತಿಯ ಎದುರಿಗೂ, ಅವನು ಹಾಗೇ ಕೂರುವುದು. ಆ ಕಾಲಿನಲ್ಲಿ ಹೆಬ್ಬೆರಳಿಲ್ಲ, ಅದರ ಪಕ್ಕದ್ದೂ ಇಲ್ಲ. ಹನ್ನೆರಡನೇ ವರ್ಷಕ್ಕೆ ಶಹಾಬಾದದ ಕಡೆಯ ಒಂದು ಖಣಿಯಲ್ಲಿ ಅಪ್ಪನ ಜೊತೆ ಬರಿಗಾಲಲ್ಲಿ ನಿಂತಿದ್ದಾಗ, ಎಬ್ಬಿಸಿದ ಫರ್ಸಿ ಹಾರೆಯಿಂದ ಜಾರಿತ್ತು. ಇನ್ನು ಈ ಹುಡುಗ ಕಲ್ಲಿಗಾಗುವುದಿಲ್ಲ ಎಂದು ಅಪ್ಪ ಚಿತ್ತಾಪುರದ ಶಾಲೆಗೆ ಹಾಕಿದ. ಬೆರಳು ಹೋಗಿ ಅಕ್ಷರ ಬಂತು, ಅಕ್ಷರದಿಂದ ಮುನ್ಶಿಗಿರಿ ಬಂತು, ಮುನ್ಶಿಗಿರಿಯಿಂದ ಬೂಟು ಬಂತು. ಬೂಟಿನ ತುದಿಗೆ ಅರಿವೆ ತುರುಕಿಕೊಂಡು ಹನ್ನೆರಡು ವರ್ಷದ ಹಿಂದೆ ಈ ರಾವೂರ ಸೀಮೆಯ ಖಣಿಗೆ ಬಂದಾಗ ಅವನನ್ನು ಬಲ್ಲವರು ಇಲ್ಲಿ ಒಬ್ಬರೂ ಇರಲಿಲ್ಲ. ಅನಸುಬಾಯಿಯನ್ನು ಬಿಟ್ಟರೆ ಈಗಲೂ ಇದು ಯಾರಿಗೂ ಗೊತ್ತಿಲ್ಲ. ಅವಳೂ ಮದುವೆಯಾದ ಹೊಸದರಲ್ಲಿ ಒಮ್ಮೆ ನೋಡಿದವಳು, ಮತ್ತೆ ಅದರ ಮಾತೆತ್ತಿರಲಿಲ್ಲ. ಬೆಳಿಗ್ಗೆ ಅವನು ಏಳುವ ಮೊದಲೇ ಬೂಟುಗಳು ಹೊರಸಿನ ಪಕ್ಕದಲ್ಲಿರುತ್ತಿದ್ದವು, ಬಲಗಾಲಿನದರ ಲಾಡಿ ಸಡಿಲಿಸಿ, ಒಳಗಿನ ಅರಿವೆಯನ್ನು ಒಲೆಯ ಕಾವಿಗೆ ಒಣಗಿಸಿ ಮಡಚಿಟ್ಟು. ಗಂಡನ ಸೇವೆ ಅಂದರೆ ಹೀಗಿರಬೇಕು ಎಂದು ಕಾಶಪ್ಪ ಅಂದುಕೊಳ್ಳುತ್ತಿದ್ದ.

ಖಣಿಯಲ್ಲಿ ಬೂಟಿಗೆ ಅಡ್ಡ ಬರುವುದು ವರ್ಷಕ್ಕೆ ಒಂದೇ ದಿನ. ಖಂಡೇನವಮಿಗೆ ತೊಳೆದ ಹಾರೆ, ಸುತ್ತಿಗೆ, ಉಳಿಗಳನ್ನು ಫರ್ಸಿಯ ಮೇಲೆ ಸಾಲಾಗಿ ಮಲಗಿಸಿ ಪೂಜೆ ಮಾಡುವಾಗ ಯಾರೂ ಕಾಲಲ್ಲಿ ಏನೂ ಹಾಕಿಕೊಳ್ಳುವಂತಿಲ್ಲ. ಆದರೆ ಅದೂ ಸುಸೂತ್ರವಾಗಿ ಕಳೆದುಕೊಂಡು ಬಂದಿತ್ತು. ಬಂದ ಮೊದಲನೇ ವರ್ಷವೇ ಗೊಲ್ಲಾಳಪ್ಪ, "ಮುನ್ಶಿಯವರ, ನೀವ್ ಅಲ್ಲೇ ನಿಂದ್ರಿ. ಆಫೀಸದವರು ನೀವು. ಕಾಯಿ ನಾವೇ ತಂದು ಕೊಡ್ತೀವಿ," ಅಂದಿದ್ದ. ಅಂದಿನಿಂದ ಅದೇ ಪದ್ಧತಿಯಾಗಿ, ಕಾಶಪ್ಪ ದೂರದಲ್ಲಿ ಬೂಟು ಹಾಕಿಕೊಂಡೇ ನಿಂತಿರುತ್ತಿದ್ದ. ಕಾಯಿ, ಕುಂಕುಮ ಅವನಿದ್ದಲ್ಲಿಗೆ ಬರುತ್ತಿತ್ತು. ತನ್ನ ಕುರ್ಚಿಗೆ ಮಂದಿ ಕೊಡುವ ಮರ್ಯಾದೆಯನ್ನು ನೆನೆದು ಅವನಿಗೆ ಒಳಗೊಳಗೇ ಹಿಗ್ಗು.

ಚಪ್ಪಲಿ ಕಣ್ಣಿಗೆ ಬಿದ್ದದ್ದು ಬುಧವಾರ ಸಂಜೆ; ಹಬ್ಬ ಹತ್ತಿರ ಬಂತೆಂದು ಆ ವಾರ ಸಂಜೆಗೂ ಇಬ್ಬರು ಹಳೆ ಖಣಿಗೆ ಹೋಗುತ್ತಿದ್ದರು. ಎಷ್ಟು ಸಲ ನೋಡಿರಲಿಲ್ಲ ಅದನ್ನು! ನೋಡಿಯೂ ಕಂಡಿರಲಿಲ್ಲ. ಚಾಂದ್ ಗಾಡಿ ಹತ್ತುವ ಮೊದಲು ಬಲಗಾಲಿನ ಚಪ್ಪಲಿಯೊಂದನ್ನೇ ಕಳಚಿ ದಂಡೆಗಿದ್ದ ಒಂದು ಫರ್ಸಿ ಚೂರಿನ ಮೇಲೆ ಇಟ್ಟ. ಇಟ್ಟದ್ದು ಅವನಿಗೂ ಲಕ್ಷ್ಯವಿದ್ದಂತೆ ಕಾಣಲಿಲ್ಲ. ಮಾತಾಡುತ್ತಲೇ ಕಳಚಿದ, ಕಳಚಿ ಹತ್ತಿದ, ಬರಿಗಾಲನ್ನು ಬ್ರೇಕಿನ ಮೇಲೆ ಹಗುರಾಗಿ ಹರವಿಕೊಂಡ, ಹೋದ. ಗಾಲಿ ಎದ್ದಿತು. ಇಷ್ಟು ದಿನ ಗಾಲಿಯನ್ನೇ ನೋಡಿ ಹೊಟ್ಟೆ ಉರಿಸಿಕೊಂಡಿದ್ದ ಕಾಶಪ್ಪ ಇವತ್ತು ಕಾಲನ್ನು ನೋಡಿದ. ಉಬ್ಬಿದ ಬೆರಳುಗಳು, ಐದಕ್ಕೆ ಐದೂ, ಕಬ್ಬಿಣದ ಮೇಲೆ ಕಂಡೂ ಕಾಣದಂತೆ ಒತ್ತುತ್ತಿದ್ದವು, ಬಿಡುತ್ತಿದ್ದವು. ಹೌದಲ್ಲ. ಬೆಣೆ ಹೊಡೆದ ಕಲ್ಲಿನ ಮೇಲೆ ಕಲ್ಲಿನವರು ಬರಿಗಾಲಲ್ಲೇ ನಿಲ್ಲುತ್ತಾರೆ. ಕೆಳಗೆ ಸಡಿಲಾಯಿತೋ ಇಲ್ಲವೋ ಎಂಬುದು ಅಂಗಾಲಿಗೆ ಮೊದಲು ತಿಳಿಯುತ್ತದೆ. "ಕಣ್ಣಿಲೆ ನೋಡಬ್ಯಾಡ, ಕಾಲಿಲೆ ಕೇಳು," ಎಂದು ಹನ್ನೆರಡನೇ ವರ್ಷದಲ್ಲಿ ಅಪ್ಪ ತನಗೇ ಹೇಳಿದ್ದನಲ್ಲ. ಮೂರು ತಿಂಗಳು ಹಾರೆ, ಭಾರ, ಕ್ಲಚ್ಚು, ರೇಸು ಎಂದೆಲ್ಲ ಹೇಳಿದ ಈ ಮಹಾರಾಯ ಚಪ್ಪಲಿಯ ವಿಷಯ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಎಲ್ಲ ಕೊಟ್ಟಂತೆ ಮಾಡಿ ಬೀಗದ ಕೈಯನ್ನು ಕಿಸೆಯಲ್ಲಿಟ್ಟುಕೊಂಡಿದ್ದ. ಸಿಕ್ಕಿಬಿದ್ದ ಕಳ್ಳ, ಎಂದು ಕಾಶಪ್ಪ ಒಳಗೇ ಹಲ್ಲು ಕಚ್ಚಿದ; ಮತ್ತು ಸುಳ್ಳೇಕೆ, ಅವನಿಗೆ ಆಗ ಒಂಥರದ ಸಂತೋಷವೇ ಆಯಿತು. ಚಾಂದ್ ಒಳ್ಳೆಯವನಲ್ಲ ಎನ್ನುವುದಕ್ಕೆ ಇಷ್ಟು ದಿನ ಒಂದು ಕಾರಣವೂ ಸಿಕ್ಕಿರಲಿಲ್ಲ.

ಕೇಳಿಬಿಡಬಹುದಿತ್ತು. ಯಾಕೋ ಚಾಂದ್, ಚಪ್ಪಲ್ ಯಾಕ ಬಿಚ್ಚತಿ ಅಂತ ಒಂದು ಮಾತು. ಆದರೆ ಕೇಳಿದರೆ ಅವನು ಹೌದ್ರಿ, ನೀವೂ ಬಿಚ್ರಿ ಎನ್ನುತ್ತಾನೆ. ಬಿಚ್ಚುವುದು ಹೇಗೆ? ಹನ್ನೆರಡು ವರ್ಷ ಕಾಪಾಡಿಕೊಂಡು ಬಂದದ್ದನ್ನು ಒಂದು ಆಟಕ್ಕಾಗಿ ಮಂದಿಯ ಎದುರಿಗೆ ಹರವುವುದು ಹೇಗೆ? ಮರುದಿನ ಮಧ್ಯಾಹ್ನ ಮನೆಯ ಹಿತ್ತಲಲ್ಲಿ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಸುತ್ತ ನೋಡಿ, ಬಲಗಾಲಿನ ಬೂಟು ಕಳಚಿದ. ಅರಿವೆ ತೆಗೆದು ಟಾಕಿಯ ಮೇಲಿಟ್ಟ. ಕಾಲನ್ನು ಬ್ರೇಕಿನ ಮೇಲಿಟ್ಟ ಕೂಡಲೇ ತಣ್ಣನೆಯ ಕಬ್ಬಿಣ, ಅದರ ಗೀರು, ಅದರ ಅಂಚು ಎಲ್ಲ ತಿಳಿಯಿತು. ಬೆರಳಿಲ್ಲದ ಜಾಗದ ನುಣ್ಣನೆಯ ತೊಗಲಿಗೇ ಎಲ್ಲಕ್ಕಿಂತ ಹೆಚ್ಚು ತಿಳಿಯಿತು. ಕಣ್ಣು ಮುಚ್ಚಿ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಇಷ್ಟೇ, ಇಷ್ಟೇ ಇರುವುದು ಎಂದು ಇನ್ನೊಮ್ಮೆ ಒತ್ತಿದ. ಆಗಲೇ ಒಗೆದ ಬಟ್ಟೆಯ ಬುಟ್ಟಿ ಹೊತ್ತು ಅನಸುಬಾಯಿ ಹಿತ್ತಲಿಗೆ ಬಂದಳು. ಅವನು ಗಡಬಡಿಸಿ ಬೂಟಿಗೆ ಕೈ ಹಾಕಿದ. "ಅಯ್ಯ, ಕೊಡ ಅಲ್ಲೇ ಮರತ ಬಂದೀನಿ ನೋಡ್ರಿ," ಎಂದು ಅವಳು ಬುಟ್ಟಿ ಹೊತ್ತವಳೇ ತಿರುಗಿ ಹೋದಳು. ಪುಣ್ಯಕ್ಕೆ ನೋಡಲಿಲ್ಲ ಎಂದು ಕಾಶಪ್ಪ ಉಸಿರು ಬಿಟ್ಟ.

ಶುಕ್ರವಾರ ಬೆಳಿಗ್ಗೆ ಹಾಜರಿ ಕೂಗುವಾಗ ಅವನ ಬಾಯಿಂದ ಬಂದ ಮಾತು ಅವನಿಗೇ ಹೊಸದಾಗಿ ಕೇಳಿಸಿತು. "ಚಾಂದ್, ಇವತ್ತಿನಿಂದ ನೀ ಕೆಳಗಿನ ಖಣಿಗಿ ಇಳಿ."

ಕೆಳಗಿನ ಖಣಿಯೆಂದರೆ ಮೊಳಕಾಲುದ್ದ ನೀರು. ಅಲ್ಲಿನ ಕಲ್ಲು ಬಿರುಕು ಬಿಟ್ಟದ್ದು, ಎಂಥ ಕೈಯವನಿಗೂ ಒಂದು ಫರ್ಸಿ ಅಖಂಡವಾಗಿ ಏಳುವುದಿಲ್ಲ. ಹೊಸಬರನ್ನೋ, ಕುಡಿದು ಬಂದವರನ್ನೋ ಅಲ್ಲಿಗೆ ಹಾಕುವ ರೂಢಿ. ಸಾಲಿನಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾಕ್ರಿ ಕಾಶಣ್ಣ?"

"ಇಲ್ಲಿ ಅಣ್ಣ ಗಿಣ್ಣ ಇಲ್ಲ. ಮುನ್ಶಿ ಅನ್ನು. ಮತ್ತ ಇನ್ನ ಮ್ಯಾಲ ನನ್ನ ಗಾಡಿ ಮುಟ್ಟಬ್ಯಾಡ."

ಚಾಂದ್ ತಲೆ ತಗ್ಗಿಸಿದ. ಅವನ ಕಣ್ಣು ಕಾಶಪ್ಪನ ಬಲಗಾಲಿನ ಬೂಟಿನ ಮೇಲೆ ಬಿತ್ತು, ಬಿದ್ದದ್ದೇ ತಡ ಅಲ್ಲಿಂದ ಹೊರಳಿತು. "ಆಗಲ್ರಿ ಮುನ್ಶಿಯವರ," ಎಂದು ಹಾರೆ ಎತ್ತಿಕೊಂಡು ಇಳಿದು ಹೋದ. ಆ ನೋಟವನ್ನು ಕಾಶಪ್ಪ ದಿನವಿಡೀ ತಿರುಗಿಸಿ ತಿರುಗಿಸಿ ನೋಡಿದ. ಬೂಟನ್ನು ಕಂಡರೆ ಇವನಿಗೆ ತಾತ್ಸಾರ, ಬೂಟಿನವರು ಗಾಲಿ ಎತ್ತಲಾರರು ಎಂಬ ಸೊಕ್ಕು, ಎಂದು ಅರ್ಥ ಮಾಡಿಕೊಂಡ. ಸಂಜೆ ಚಾಂದ್ ಮೇಲೆ ಬಂದಾಗ ಅವನ ಹಿಮ್ಮಡಿಗಳು ನೀರಿಗೆ ಬೆಳ್ಳಗೆ ನೆನೆದು ಸುಕ್ಕಾಗಿದ್ದವು. ಎಬ್ಬಿಸಿದ ಕಲ್ಲೆಲ್ಲ ಚೂರು. ಶಹಾಬಾದದ ದೊಡ್ಡ ಅಂಗಳಗಳಿಗೆ ಎರಡಾಳುದ್ದದ ಫರ್ಸಿಗಳನ್ನು ಒಂದು ಬಿರುಕಿಲ್ಲದಂತೆ ಎಬ್ಬಿಸಿಕೊಟ್ಟ ಕೈ ಅದು. ಕಾಶಪ್ಪನಿಗೆ ಕರುಳು ಚುರ್ರೆಂದಿತು. ಚುರ್ರೆಂದ ಮೇಲೂ ಮರುದಿನ ಅದೇ ಖಣಿಗೆ ಅವನ ಹೆಸರನ್ನು ಕೂಗಿದ, ಸೋಮವಾರವೂ ಕೂಗಿದ. ಕೂಗುವಾಗ ಪ್ರತಿ ಸಲ ಒಂದು ಹಿತ, ಸಂಜೆ ಆ ಹಿಮ್ಮಡಿಗಳನ್ನು ಕಂಡಾಗ ಒಂದು ಸಂಕಟ. ಎರಡನ್ನೂ ಬಿಡಲಾರದೆ ಅವನು ಆ ವಾರ ಕಳೆದ. ನಡುವಿನ ಆದಿತ್ಯವಾರ ಒಬ್ಬನೇ ಹಳೆ ಖಣಿಗೆ ಹೋಗಿ ಹತ್ತಾರು ಸಲ ಬಿದ್ದೆದ್ದ. ಬೂಟು ಬಿಚ್ಚಬೇಕೆಂದು ಕೈ ಹೋಗುತ್ತಿತ್ತು. ದಂಡೆಯ ಮೇಲೆ ಯಾರೋ ನಿಂತಂತೆ ಅನಿಸಿ ಕೈ ಹಿಂದೆ ಬರುತ್ತಿತ್ತು. ಯಾರೂ ಇರಲಿಲ್ಲ. ಗೇಣಿಗಿಂತ ಮೇಲೆ ಗಾಲಿ ಏಳಲಿಲ್ಲ.

ಖಂಡೇನವಮಿಯ ದಿನ ಹನ್ನೊಂದರ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಮೇಲಿನ ಖಣಿಯ ಅಗಲವಾದ ಹಾಸಿನ ಮೇಲೆ ಹಾರೆಗಳು, ಸುತ್ತಿಗೆಗಳು, ಉಳಿಗಳು ಅರಿಶಿನ ಹಚ್ಚಿಸಿಕೊಂಡು ಮಲಗಿದ್ದವು. ಪಕ್ಕದಲ್ಲಿ ಚೆಂಡುಹೂವಿನ ಮಾಲೆ ಹಾಕಿಕೊಂಡ ಗಾಡಿ, ಗಾಲಿಗಳ ಕೆಳಗೆ ನಿಂಬೆಹಣ್ಣು. ಖಣಿಯ ಅಂಚಿನಲ್ಲಿ ಎಲ್ಲರ ಚಪ್ಪಲಿಗಳ ಗುಡ್ಡೆ. ಚಾಂದ್ ಎಲ್ಲರ ಹಾಗೆ ತನ್ನ ಹಾರೆಯನ್ನು ತಂದಿಟ್ಟ, ಕಾಯಿ ಒಡೆಯುವವರೆಗೆ ಕೈ ಕಟ್ಟಿ ಹಿಂದೆ ನಿಂತ. ವಾರದಿಂದ ನೀರಿನಲ್ಲೇ ಇದ್ದ ಆ ಹಾರೆಗೆ ಎಷ್ಟು ತಿಕ್ಕಿದರೂ ಹೋಗದ ಜಂಗು ಹಿಡಿದಿತ್ತು. ಕಾಶಪ್ಪ ಅದನ್ನು ನೋಡಲಿಲ್ಲ. "ನೀವ್ ಅಲ್ಲೇ ನಿಂದ್ರಿ ಮುನ್ಶಿಯವರ," ಎಂದು ಗೊಲ್ಲಾಳಪ್ಪ ವಾಡಿಕೆಯಂತೆ ಅಂದ. ಕಾಯಿ ವಾಡಿಕೆಯಂತೆ ಅವನಿದ್ದಲ್ಲಿಗೆ ಬಂತು. ಹೆಂಗಸರ ಗುಂಪಿನಲ್ಲಿ ಆರತಿಯ ತಾಟು ಹಿಡಿದು ಅನಸುಬಾಯಿ ನಿಂತಿದ್ದಳು. "ಇನ್ನ ಗಾಲಿ ಎತ್ರಿ," ಎಂದು ಯಾರೋ ಅಂದರು.

ಎತ್ತಲು ಹೋದ. ಮೊದಲನೇ ಸಲ ಗಾಡಿ ಜಿಗಿದು ಬಂದ್ ಆಯಿತು. ಎರಡನೇ ಸಲ ಗಾಲಿ ಗೇಣು ಎದ್ದು, ಬೂಟು ಬ್ರೇಕಿಗಾಗಿ ತಡವರಿಸಿ, ಧಡ್ ಎಂದು ಬಿದ್ದ ರಭಸಕ್ಕೆ ಹೂಮಾಲೆ ಕಿತ್ತು ಗಾಲಿಗೆ ಸುತ್ತಿಕೊಂಡಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದು ಹಗುರಾಗಬಹುದಿತ್ತು. ಬಂದು ಮಾಲೆಯನ್ನು ಬಿಡಿಸತೊಡಗಿದವನು ಚಾಂದ್. "ಚಾಂದ್, ಒಂದ ಸಲ ನೀ ತೋರ್ಸು," ಎಂದು ಹಿಂದಿನಿಂದ ಒಬ್ಬ ಅಂದ. ಅಷ್ಟು ಸಾಕಾಯಿತು.

"ಅವಾ ಏನ್ ತೋರಸ್ತಾನ," ಕಾಶಪ್ಪ ಗಾಡಿಯಿಂದ ಇಳಿದ. ತನ್ನ ಧ್ವನಿ ಖಣಿಯ ಗೋಡೆಗೆ ತಾಗಿ ತನಗೇ ಮರಳಿ ಬರುವುದು ಕೇಳುತ್ತಿತ್ತು, ಆದರೂ ನಿಲ್ಲಿಸಲಿಲ್ಲ. "ಕದ್ದ ಇಟ್ಟುಕೊಂಡಾನ. ಕೇಳ್ರಿ ಎಲ್ಲಾರೂ. ತಾ ಹತ್ತೋವಾಗ ಚಪ್ಪಲ್ ಬಿಚ್ಚತಾನ, ಬರಿಗಾಲಿಲೆ ಬ್ರೇಕ್ ಹಿಡೀತಾನ. ಮೂರ ತಿಂಗಳಾತು ನನಗ ಕಲಸಾಕತ್ತು. ಒಂದ ದಿನ ಅಂದಿಯೇನು, ಕಾಲ ಬರೇದು ಇರಬೇಕಂತ? ನನ್ನ ಗಾಡಿ ಮ್ಯಾಲ ಹತ್ತಿ ನನಗೇ ಮೋಸ ಮಾಡಿದಿ."

ಚಾಂದ್ ಮಾಲೆಯ ಉಳಿದ ಎಳೆಯನ್ನು ಗಾಲಿಯಿಂದ ಬಿಡಿಸಿ ಕೈಗೆ ಸುತ್ತಿಕೊಂಡ.

"ಹೇಳು. ಗೊತ್ತಿತ್ತೋ ಇಲ್ಲೋ?"

"ಮದಲ ನನಗೂ ಖಬರ ಇರಲಿಲ್ರಿ. ಆಮ್ಯಾಲ ಗೊತ್ತಾತು."

"ಗೊತ್ತಾದ ಮ್ಯಾಲ ಯಾಕ ಅನಲಿಲ್ಲ?"

"ಬಿಡ್ರಿ ಮುನ್ಶಿಯವರ, ಹಬ್ಬದ ದಿನ," ಎಂದು ಗೊಲ್ಲಾಳಪ್ಪ ನಡುವೆ ಬಂದ.

"ಅವ ಹೇಳಲಿ."

ಚಾಂದ್ ಹತ್ತಿರ ಬಂದು, ಕಾಶಪ್ಪನಿಗೊಬ್ಬನಿಗೇ ಕೇಳಲಿ ಎಂಬಂತೆ ತಗ್ಗಿದ ಧ್ವನಿಯಲ್ಲಿ ಹೇಳಿದ: "ನಾ ಬೂಟ ಬಿಚ್ರಿ ಅಂದ್ರ, ನೀವು ಎಲ್ಲಾರ ಮುಂದ ಬಿಚ್ಚಬೇಕಾಗ್ತಿತ್ತಲ್ರಿ ಕಾಶಣ್ಣ."

ಖಣಿಯೊಳಗೆ ಪಿಸುಮಾತಾದರೂ ಅಡಗುವುದಿಲ್ಲ. ಕಾಶಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ನಿನಗ ಯಾರ್ ಹೇಳಿದ್ರು?" ಅಂದ. ಅವನ ಕಣ್ಣು ಹೆಂಗಸರ ಗುಂಪಿನಲ್ಲಿ ಅನಸುಬಾಯಿಯನ್ನು ಹುಡುಕುತ್ತಿತ್ತು.

"ಆಕಿ ಕಡಿ ನೋಡಬ್ಯಾಡ ತಮ್ಮಾ," ಗೊಲ್ಲಾಳಪ್ಪ ಅಂದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನ ಬಾಯಿಂದ ಮುನ್ಶಿ ಬಿದ್ದುಹೋಗಿ ತಮ್ಮ ಬಂದಿತ್ತು. "ಯಾರ್ ಹೇಳಬೇಕು? ಕಲ್ಲ ಬಡದು, ಒಳಗ ಪೊಳ್ಳ ಅದನೋ ಗಟ್ಟಿ ಅದನೋ ಹೇಳೋ ಮಂದಿ ನಾವು. ನೀ ಬಂದ ಮದಲನೇ ದಿನ ಈ ಫರ್ಸಿ ಮ್ಯಾಲ ಬೂಟ ಹಾಕ್ಕೊಂಡು ನಡದಿ ನೋಡು, ಬಲಗಾಲು ತುದಿಗಿ ಪೊಳ್ಳ ಸಪ್ಪಳ ಮಾಡ್ತು. ಅವತ್ತೇ ಎಲ್ಲಾರಿಗೂ ತಿಳೀತು. ಅದರಾಗ ಏನದ? ಕಲ್ಲ ಯಾರ್ ಬೆರಳ ಬಿಟ್ಟಾದ?" ಎಂದು ತನ್ನ ಎಡಗೈಯನ್ನು ಎತ್ತಿದ. ಅದರಲ್ಲಿ ಕಿರುಬೆರಳಿರಲಿಲ್ಲ. ಅದನ್ನು ಕಾಶಪ್ಪ ದಿನಾ ನೋಡುತ್ತಿದ್ದ.

ಬಿಸಿಲು ಇದ್ದಲ್ಲೇ ಇತ್ತು. ಒಳಗೆ ಮಾತ್ರ ಒಂದೊಂದೇ ಕಲ್ಲು ಜಾಗ ಬಿಟ್ಟು ಏಳತೊಡಗಿತು. ಅಲ್ಲೇ ನಿಂದ್ರಿ ಅಂದದ್ದು ಕುರ್ಚಿಗಲ್ಲ. ಇದ್ದಲ್ಲಿಗೆ ಬಂದ ಹನ್ನೆರಡು ವರ್ಷದ ಕಾಯಿಗಳು ಮುನ್ಶಿಗೆ ಬಂದದ್ದಲ್ಲ, ಕಾಲಿಗೆ ಬಂದದ್ದು. ಹಿತ್ತಲಲ್ಲಿ ಅನಸುಬಾಯಿ ಕೊಡವನ್ನು ಮರೆತಿರಲಿಲ್ಲ. ಹಾಜರಿಯ ದಿನ ಬೂಟಿನ ಮೇಲೆ ಬಿದ್ದು ಹೊರಳಿದ ಚಾಂದನ ಕಣ್ಣು, ನೋಡಬಾರದ್ದನ್ನು ನೋಡಿದೆನಲ್ಲ ಎಂದು ಹೊರಳಿದ್ದು. ಈ ಇಷ್ಟು ಮಂದಿ ಹನ್ನೆರಡು ವರ್ಷ ಇವನು ನಡೆಯುವುದನ್ನು ಕೇಳುತ್ತ, ಒಬ್ಬರೂ ಬಾಯಿ ಬಿಡದೆ, ಇವನಿಗೆ ಮರ್ಯಾದೆ ಎನ್ನಿಸುವ ಹಾಗೆ ಜೋಪಾನ ಮಾಡಿದ್ದರು. ಇವನು ಅವರಲ್ಲಿ ಒಬ್ಬನನ್ನು ನೀರಿಗೆ ಇಳಿಸಿದ್ದ. ಎಲ್ಲಿಯಾದರೂ ಓಡಿಹೋಗಬೇಕೆನಿಸಿತು, ಆದರೆ ಓಡಿದರೂ ಸಪ್ಪಳ ಕೇಳುತ್ತದಲ್ಲ. ಕಾಶಪ್ಪ ಫರ್ಸಿಯ ಮೇಲೆ ಕೂತು ಬಲಗಾಲಿನ ಬೂಟಿನ ಲಾಡಿಗೆ ಕೈ ಹಾಕಿದ.

ಒಬ್ಬರೂ ನೋಡಲಿಲ್ಲ. ಗೊಲ್ಲಾಳಪ್ಪ ನೆಟ್ಟಗಿದ್ದ ಹಾರೆಯನ್ನು ಬಗ್ಗಿ ಇನ್ನಷ್ಟು ನೆಟ್ಟಗೆ ಮಾಡಿದ. ಒಬ್ಬ ಬೀಡಿಗಾಗಿ ಕಿಸೆ ತಡವಿದ. ಅನಸುಬಾಯಿ ಆರತಿಯ ತಾಟಿಗೆ ಎಣ್ಣೆ ಸಾಲದೆಂದು ಹಣತೆಯನ್ನು ಬಾಗಿಸಿ ನೋಡಿದಳು. ಎಲ್ಲರಿಗೂ ಎಷ್ಟು ರೂಢಿಯಾಗಿತ್ತು ಅದು. ಅರಿವೆಯನ್ನು ತೆಗೆದು ಬೂಟಿನ ಪಕ್ಕದಲ್ಲಿಟ್ಟು, ಎದ್ದು ನಿಂತ. ಕಾಲು ಸುಟ್ಟಿತು. ಹನ್ನೆರಡನೇ ವರ್ಷದ ನಂತರ ಮೊದಲ ಸಲ ಅಂಗಾಲು ಖಣಿಯ ಕಲ್ಲು ಮುಟ್ಟಿತ್ತು, ಕಲ್ಲಿನೊಳಗಿಂದ ಯಾರೋ ಹೆಜ್ಜೆ ಬದಲಿಸಿದ್ದು ಕೂಡ ಅದಕ್ಕೆ ತಿಳಿಯಿತು.

ಹತ್ತಿ ಗಾಡಿ ಚಾಲೂ ಮಾಡಿದ. ಬ್ರೇಕಿನ ಕಬ್ಬಿಣ ತಣ್ಣಗಿರಲಿಲ್ಲ, ಆದರೆ ಅಲ್ಲೇ ಇತ್ತು, ಎಲ್ಲಿರಬೇಕೋ ಅಲ್ಲೇ. ಹಿಂದೆ ಸರಿದ, ಭಾರ ಹಾಕಿದ, ಕ್ಲಚ್ಚು ಬಿಟ್ಟ. ಗಾಲಿ ಎದ್ದಿತು. ಗೇಣಾಯಿತು, ಮೊಳವಾಯಿತು, ಕೆಂಪು ಟಾಕಿ ಎದೆಗೆ ಬಂತು, ಖಣಿಯ ಗೋಡೆ ಮಾಯವಾಗಿ ಬರೀ ಬಿಳಿ ಬಾನು ಕಂಡಿತು. ಇನ್ನು ಹಿಂದಕ್ಕೆ ಬಿದ್ದೆ ಅನ್ನುವಷ್ಟರಲ್ಲಿ ಬೆರಳಿಲ್ಲದ ಕಾಲು ಬ್ರೇಕನ್ನು ಮೆಲ್ಲಗೆ ಒತ್ತಿತು. ಗಾಲಿ ತೂಗಿ ನಿಂತಿತು. ಒಂದು, ಎರಡು, ಮೂರು, ನಾಲ್ಕು, ಐದು. ಐದು ಫರ್ಸಿ. ಇಳಿಯಿತು, ಧಡ್ ಎನ್ನದೆ ಇಳಿಯಿತು.

ಮಂದಿ ಈಗ ನೋಡುತ್ತಿದ್ದರು, ಗಾಲಿಯನ್ನು. ಸಿಳ್ಳೆ ಬಿತ್ತು, ಹೆಂಗಸ್ಯಾರೋ ನಕ್ಕಳು. ಕಾಶಪ್ಪನ ಕಣ್ಣು ಚಾಂದನ ಮುಖವನ್ನು ಹುಡುಕಿತು. ಅಲ್ಲಿ ಏನಾದರೂ ಒಂದು ಸಣ್ಣ ಮುಳ್ಳು ಕಾಣಬಹುದು, ಹನ್ನೊಂದೆಲ್ಲಿ ಐದೆಲ್ಲಿ ಎಂಬಂಥದ್ದು, ಕಂಡರೆ ಇಬ್ಬರೂ ಸರಿಸಮ ಎಂದು ಆಸೆಯಿಂದ ಹುಡುಕಿತು. ಕಿತ್ತ ಮಾಲೆಯನ್ನು ಎದೆಗೆ ಹಿಡಿದುಕೊಂಡು ಚಾಂದ್ ನಗುತ್ತಿದ್ದ, ಗಾಲಿಯನ್ನು ತಾನೇ ಎತ್ತಿದವನ ಹಾಗೆ. ವಾರವಿಡೀ ನೀರಿನಲ್ಲಿ ನಿಂತವನ ಮುಖ ಅದು. ಕಾಶಪ್ಪನ ಹೊಟ್ಟೆಯೊಳಗೆ ಹಳೆಯ ಉರಿ ಮತ್ತೆ ಭಗ್ಗೆಂದಿತು, ಮೊದಲಿಗಿಂತ ಹೆಚ್ಚಾಗಿಯೇ. ಗಾಲಿಯನ್ನಾದರೆ ಇನ್ನು ಮೂರು ತಿಂಗಳಲ್ಲಿ ಹನ್ನೊಂದಕ್ಕೆ ಮುಟ್ಟಿಸಬಹುದು. ಆ ನಗುವನ್ನು ಕಲಿಸು ಎಂದು ಯಾರನ್ನು ಕೇಳುವುದು?

ಗಾಡಿಯನ್ನು ತಿರುಗಿಸಿ ತಂದು ಅವನ ಎದುರಿಗೆ ನಿಲ್ಲಿಸಿದ. ಮಾಡಿದ್ದಕ್ಕೆ ಏನಾದರೂ ಹೇಳಬೇಕಿತ್ತು.

"ಹಬ್ಬ ಆದ ಮ್ಯಾಲ," ಅಂದ, ಗಾಡಿಯಿಂದ ಇಳಿದ. "ಹಬ್ಬ ಆದ ಮ್ಯಾಲ ನೀ ಮ್ಯಾಲಿನ ಖಣಿಗೇ ಬಾ, ಚಾಂದ್. ನಂದು ತಪ್ಪಾತು."

ಚಾಂದ್ ಆ ಮಾತು ಕೇಳಿಸದವನಂತೆ ಬಗ್ಗಿ ಬೂಟನ್ನು ಎತ್ತಿಕೊಂಡ. ಅರಿವೆಯನ್ನು ಕೊಡವಿ, ಮಡಚಿ, ಬೂಟಿನ ತುದಿಗೆ ಎಷ್ಟು ಒಳಗೆ ಹೋಗಬೇಕೋ ಅಷ್ಟು ಒಳಗೆ ತುರುಕಿ, ಲಾಡಿ ಸಡಿಲಿಸಿ ಕಾಶಪ್ಪನ ಕಾಲ ಬಳಿ ಇಟ್ಟ.

"ಮದಲ ಇದು ಹಾಕ್ಕೋರಿ ಕಾಶಣ್ಣ," ಅಂದ. "ಫರ್ಸಿ ಭಾಳ ಕಾದದ."

ಹಾಗೆ ಹೇಳಿದವನು ಅದೇ ಫರ್ಸಿಯ ಮೇಲೆ ಬೆಳಗಿನಿಂದ ಬರಿಗಾಲಲ್ಲಿ ನಿಂತಿದ್ದ.